ಹಾಡಿನ ಡಬ್ಬಿಗೆ ಬಣ್ಣ ಆರಿಸಿದ ಮಳಿಯಪ್ಪ

ಕೇಳ್ರಿ, ನಗು ಬಂದರೆ ತಡೀಬೇಡಿ! ಗುಳೇದಗುಡ್ಡದ ಕಡೆ ಒಂದೂರಲ್ಲಿ ಶಿವಗಂಗವ್ವ ಅಂತ ಹಾಡುಗಾರ್ತಿ. ಮಂದಿಯ ಮದುವೆಗಳಲ್ಲಿ ಹಾಡಿ ಹಾಡಿ ಕೂದಲು ಬೆಳ್ಳಗಾದ ಮೇಲೆ ಅವಳದೊಂದು ಕ್ಯಾಸೆಟ್ ಆಯ್ತು. ಬಣ್ಣವಿಲ್ಲದ ಬರೀ ಡಬ್ಬಿಗಳಲ್ಲಿ ಅದರ ಪ್ರತಿಗಳು ಮನೆಗೆ ಬಂದು ಕೂತವು. ಹಾಡು ಮನೆಮನೆಗೆ ಹೋಗಬೇಕು, ಅದೊಂದೇ ಆಸೆ. ಆದರೆ ಡಬ್ಬಿ ಚೆಂದ ಕಾಣದಿದ್ದರೆ ಕೈಗೆ ಯಾರು ತಗೋತಾರೆ? ಬಣ್ಣ ಆರಿಸಬೇಕು. ಮನೆಯಲ್ಲಿದ್ದವನು ಒಬ್ಬನೇ ಮಗ ಮಳಿಯಪ್ಪ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋ ಮಹಾರಾಯ!

"ರುದ್ರಗೌಡ್ರ ಪ್ರೆಸ್ಸಿಗೆ ಹೋಗು ಮಗನ. ಬಣ್ಣದ ಮುಂದ ನನ್ನ ಹಾಡು ಹಾಡಿ ನೋಡು. ಹೊಂದೂ ಬಣ್ಣ ತಾನ ಹೇಳತೈತಿ."

ಹೋದ. ಶಾಯಿ ಡಬ್ಬಿ ಸಾಲಾಗಿಟ್ಟ. ಹಾಡಿದ. ಕಿವಿ ಕೊಟ್ಟ. ಕೆಂಪು ಮಾತಾಡಲಿಲ್ಲ. ಹಸಿರು ಮಾತಾಡಲಿಲ್ಲ. ಗಂಟಲು ಕಟ್ಟಿಸಿಕೊಂಡು ಮನೆಗೆ ಬಂದ.

"ಎಲಾ ಗೂಬಿ! ಡಬ್ಬಿ ಮಾತಾಡತಾವೇನು? ನಾಕು ಮಂದಿ ಕಂಡಲ್ಲಿ ನಿಲ್ಲಿಸಿ, ಬಣ್ಣದ ಚೀಟಿ ತೋರಿಸಿ ಕೇಳಬೇಕೋ!"

"ಹೂಂ ಅವ್ವಾ!"

ಮರುದಿನ ನಾಲ್ಕು ಮಂದಿ ಸಿಕ್ಕರು. ಹೆಗಲ ಮೇಲೆ ಹೆಣ ಹೊತ್ತಿದ್ದರು. ಅಡ್ಡ ನಿಂತ. "ಅಣ್ಣಾರ, ಗುಲಾಬಿ ಚೆಂದೋ, ನೀಲಿ ಚೆಂದೋ?" ಬೆನ್ನ ಮೇಲೆ ದಬದಬ ಬಿದ್ದವು.

"ಅಯ್ಯೋ ನನ್ನ ಕರ್ಮ! ಅಂಥಾ ಮಂದಿ ಮುಂದ ತಲಿ ತಗ್ಗಿಸಿ ಕಣ್ಣೀರು ಹಾಕಬೇಕು, ತುಟಿ ಬಿಚ್ಚಬಾರದು!"

"ಹೂಂ ಅವ್ವಾ!"

ಮತ್ತೆ ಪ್ರೆಸ್ಸಿಗೆ ಹೋದ. "ನಿಮ್ಮವ್ವ ಯಾವ ಬಣ್ಣ ಅಂದಳೋ?" ಅಂತ ರುದ್ರಗೌಡರು ಕೇಳಿದರು. ಇವನು ತಲೆ ತಗ್ಗಿಸಿದ. ಗೊಳೋ ಅಂತ ಅತ್ತ. ತುಟಿ ಮಾತ್ರ ಬಿಚ್ಚಲಿಲ್ಲ. ಪಾಪ, ಗೌಡರು ಪ್ರೆಸ್ಸಿಗೆ ಬೀಗ ಹಾಕಿ, ಹೂವಿನ ಹಾರ ಹಿಡಿದು ಓಡಿಬಂದರೆ, ಶಿವಗಂಗವ್ವ ಖಾರ ಕುಟ್ಟುತ್ತಾ ಕೂತಿದ್ದಾಳೆ!

ಅವಳು ಹಣೆ ಹಣೆ ಬಡಿದುಕೊಂಡಳು. ಮರುದಿನವೇ ಮಠದಲ್ಲಿ ಕ್ಯಾಸೆಟ್ ಬಿಡುಗಡೆ. "ಯಾರನ್ನೂ ಕೇಳಬ್ಯಾಡ! ನನ್ನ ಟ್ರಂಕಿನಾಗ ಖಣ ಅದಾವಲ್ಲ, ಆ ಬಣ್ಣ ಡಬ್ಬಿಗೆ ಹಾಕಿಸು. ನಾಳೆ ಡಬ್ಬಿ ತಗೊಂಡು ಮಠಕ್ಕ ಬಾ!"

ಖಣ ಅಂದರೆ ಕುಪ್ಪಸದ ಬಟ್ಟೆ. ಮದುವೆಮನೆಯಲ್ಲಿ ಹಾಡಿದಾಗೆಲ್ಲ ಹೆಂಗಸರು ಶಿವಗಂಗವ್ವನ ಉಡಿ ತುಂಬಿ ಕೊಟ್ಟಿದ್ದವು. ಒಂದನ್ನೂ ಹೊಲಿಸದೆ ಜೀವದಂತೆ ಕಾದಿದ್ದಳು. ಮಳಿಯಪ್ಪ ಕತ್ತರಿ ತಗೊಂಡ. ಕಚಕಚ ಕತ್ತರಿಸಿ ಡಬ್ಬಿಡಬ್ಬಿಗೂ ಅಂಟಿಸಿದ!

ಮಠದಲ್ಲಿ ಡಬ್ಬಿ ನೋಡಿದ ಶಿವಗಂಗವ್ವನಿಗೆ "ಹಾಳು ಮಾಡಿದೆಲ್ಲೋ!" ಅಂತ ಅಳು ಬಂತು. ಅಷ್ಟರಲ್ಲಿ ಒಬ್ಬಾಕಿ ಕೂಗಿದಳು, "ಅಯ್ಯ ಶಿವಗಂಗಕ್ಕಾ, ಇದು ನನ್ನ ಮಗಳ ಮದಿವ್ಯಾಗ ನಾನ ಕೊಟ್ಟ ಖಣ!" ಇನ್ನೊಬ್ಬಾಕಿ, "ಇದು ನಮ್ಮತ್ತಿ ಕೊಟ್ಟಿದ್ದು, ಕೊಡ್ರೇ ಇಲ್ಲಿ!" ಕೆಂಪಿಗೆ ಹಳದಿ ಅಂಚು, ಹಸಿರಿಗೆ ನೇರಳೆ, ಒಂದಕ್ಕೊಂದು ಸೋಲಲಿಲ್ಲ. ಚಹಾ ಬರೋದರೊಳಗೆ ಒಂದು ಡಬ್ಬಿಯೂ ಉಳಿಯಲಿಲ್ಲ. ಶಿವಗಂಗವ್ವ ಕಣ್ಣೊರೆಸಿಕೊಂಡು ಮಗನ ಗಲ್ಲ ಹಿಡಿದಳು. "ಗೆದ್ದೆಲ್ಲೋ ನನ ಮಗನ!"

ಆಗ ಒಬ್ಬಾಕಿ ಡಬ್ಬಿ ತೆರೆದಳು. ಖಾಲಿ! ಎಲ್ಲರೂ ತೆರೆದರು. ಎಲ್ಲವೂ ಖಾಲಿ!

"ಕ್ಯಾಸೆಟ್ ಎಲ್ಲೋ?"

"ಅಂಟು ಹತ್ತೀತು ಅಂತ ತಗದು ಮನಿಯಾಗಿಟ್ಟೀನಿ. ಡಬ್ಬಿ ತಗೊಂಡು ಬಾ ಅಂದಿ. ಕ್ಯಾಸೆಟ್ ಅನಲೇ ಇಲ್ಲಲ್ಲವ್ವಾ!"

ಮಠವೆಲ್ಲ ಬಿದ್ದುಬಿದ್ದು ನಕ್ಕಿತು. ಶಿವಗಂಗವ್ವನೂ ನಕ್ಕಳು. ಸೆರಗು ಬಿಗಿದು, ಅಲ್ಲೇ ದನಿ ಎತ್ತಿ ಹಾಡತೊಡಗಿದಳು. ಹಾಡುತ್ತಲೇ ಮನೆ ಕಡೆ ಹೊರಟಳು. ಖಾಲಿ ಡಬ್ಬಿ ಹಿಡಿದ ಹೆಂಗಸರೆಲ್ಲ ಪಲ್ಲವಿ ಹಿಡಿದು ಹಿಂದೆಯೇ ನಡೆದರು. ಮನೆಮನೆಗೆ ಹೋಗಬೇಕಿದ್ದ ಹಾಡನ್ನು ಕರೆದೊಯ್ಯೋಕೆ ಊರಿನ ಮನೆಗಳೇ ಎದ್ದು ಬಂದವು ನೋಡ್ರಿ!