ಪುಸ್ತಕದ ಬದನೆಕಾಯಿ, ಮಂತ್ರಿಯ ಬೆರಳು

ಬನ್ನಿ ಮಕ್ಕಳೇ, ಹತ್ತಿರ ಬನ್ನಿ! ಇವತ್ತಿನ ಕಥೆ ಬಿಸಿಬಿಸಿ ಎಣ್ಣೆಗಾಯಿಯದು.

ಒಂದು ರಾಜ್ಯದಲ್ಲಿ ಒಬ್ಬ ರಾಜನಿದ್ದ. ಊಟಕ್ಕೆ ಕೂತರೆ ಅವನಿಗೆ ಬದನೆಕಾಯಿ ಎಣ್ಣೆಗಾಯಿ ಬೇಕೇ ಬೇಕು. ಅರಮನೆಯ ಪಕ್ಕದಲ್ಲೇ ನೀಲವ್ವ ಎಂಬ ಅಜ್ಜಿಯ ಬದನೆ ತೋಟವಿತ್ತು. ಅದೇ ಅವಳ ಅನ್ನ, ಅದೇ ಅವಳ ಬದುಕು. ಆ ಜಾಗದ ಮೇಲೆ ಮಂತ್ರಿ ಚತುರಸೇನನ ಕಣ್ಣು ಬಿತ್ತು. ಅಲ್ಲಿ ಮಹಡಿ ಮನೆ ಕಟ್ಟಿಸಬೇಕೆಂದು ಅವನ ಆಸೆ.

ಒಂದು ದಿನ ಮಂತ್ರಿ ದಪ್ಪ ಪುಸ್ತಕ ಹೊತ್ತು ರಾಜನ ಬಳಿ ಬಂದ.

"ಪ್ರಭು, ಇದರಲ್ಲಿ ಬಗೆಬಗೆಯ ಬದನೆಕಾಯಿ ಇವೆ. ಮಂತ್ರ ಹೇಳಿದರೆ ಸಾಕು, ತಟ್ಟೆಗೇ ಬೀಳುತ್ತವೆ! ಆ ಕೆಸರು ತೋಟ ಇನ್ನೇಕೆ? ಕೀಳಿಸಿಬಿಡಿ!"

ರಾಜ ಹಿರಿಹಿರಿ ಹಿಗ್ಗಿದ. "ಹಾಗೇ ಆಗಲಿ" ಅಂದೇಬಿಟ್ಟ.

ಸುದ್ದಿ ಕೇಳಿದ ನೀಲವ್ವ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಳು.

"ನನ್ನಪ್ಪಾ, ಮೂರು ಹೊತ್ತು ಆ ಪುಸ್ತಕದ ಬದನೆಕಾಯಿಯನ್ನೇ ಉಣ್ಣಿ. ಹೊಟ್ಟೆ ತುಂಬಿದರೆ ನಾನೇ ಗಿಡ ಕಿತ್ತು ಕೊಡ್ತೀನಿ."

ರಾಜ ಒಪ್ಪಿದ. ಮೊದಲ ಹೊತ್ತು ಮಂತ್ರಿ ಮಂತ್ರವೆಂದು ಬದನೆಕಾಯಿಯ ವರ್ಣನೆ ಓದಿದ. ರಾಜನ ಬಾಯಲ್ಲಿ ನೀರೂರಿತು, ಅಷ್ಟೇ. ಎರಡನೇ ಹೊತ್ತು ಚಿತ್ರ ತೋರಿಸಿದ. ಹಸಿದ ರಾಜ ಅದನ್ನೇ ನೆಕ್ಕಿದ. ನಾಲಿಗೆಯೆಲ್ಲ ಕಪ್ಪು ಮಸಿ!

"ಮೂರನೇ ಹೊತ್ತಿಗೂ ಹೀಗೇ ಆದರೆ ನಿನ್ನನ್ನು ಗಡಿ ದಾಟಿಸ್ತೀನಿ!" ರಾಜ ಗುಡುಗಿದ.

ಮೂರನೇ ಹೊತ್ತಿಗೆ ಏನಾಯಿತು ಅಂತೀರಿ? ತಟ್ಟೆಯಲ್ಲಿ ಘಮಘಮ ಎಣ್ಣೆಗಾಯಿ! "ನೋಡಿದಿರಾ ಪ್ರಭು, ಪುಸ್ತಕದ ಮಹಿಮೆ!" ಎಂದ ಮಂತ್ರಿ. ಆಳುಗಳು ಗುದ್ದಲಿ ಹಿಡಿದು ತೋಟಕ್ಕೆ ಹೊರಟೇಬಿಟ್ಟರು. ಅಯ್ಯೋ, ನೀಲವ್ವ ಓಡಿ ಅವರಿಗೆ ಅಡ್ಡ ನಿಂತಳು. ಅಷ್ಟರಲ್ಲಿ ಅವಳ ಕಣ್ಣು ಮಂತ್ರಿಯ ಮೇಲೆ ಬಿತ್ತು. ಅವನು ಕೈಗಳನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡಿದ್ದ.

"ದೊರೆಯೇ, ಮಂತ್ರಿಗಳ ಬೆರಳು ನೋಡಿ!"

ರಾಜ ಶಾಲು ಎಳೆದ. ಬೆರಳ ತುಂಬ ಮುಳ್ಳು, ರಕ್ತ!

"ನನ್ನ ಕಾಯಿಯ ತೊಟ್ಟಿಗೆಲ್ಲ ಮುಳ್ಳು. ನಾನು ಕೈಗೆ ಬಟ್ಟೆ ಸುತ್ತಿಕೊಂಡು ಕೀಳ್ತೀನಿ. ಪುಸ್ತಕದ ಬದನೆಕಾಯಿಗೆ ಮುಳ್ಳು ಎಲ್ಲಿಂದ ಬಂತು ಸ್ವಾಮಿ?"

ಅಜ್ಜಿಯ ತೋಟದಿಂದಲೇ ಕದ್ದು ಕಿತ್ತಿದ್ದನ್ನು ಮಂತ್ರಿ ಒಪ್ಪಿಕೊಂಡ. ಆಳುಗಳು ಗುದ್ದಲಿ ಕೆಳಗಿಟ್ಟರು. ಅಂದಿನಿಂದ ಆ ತೋಟಕ್ಕೆ ನೀರು ಹೊರುವ ಕೆಲಸ ಚತುರಸೇನನದೇ ಆಯಿತು.

ಆಮೇಲೆ ಯಾರೇ ಕೆಲಸಕ್ಕೆ ಬಾರದ ಮಾತಾಡಲಿ, ಆ ಊರಿನವರು "ಪುಸ್ತಕದ ಬದನೆಕಾಯಿ, ಬಿಡಪ್ಪ" ಅನ್ನತೊಡಗಿದರು. ಪುಸ್ತಕದ್ದೇನೂ ತಪ್ಪಿಲ್ಲ ಮಕ್ಕಳೇ. ಆದರೆ ಓದಿದ್ದು ಬದುಕಿಗೆ ಒದಗಬೇಕು. ಓದು ತೋರಿಸಿ ಇನ್ನೊಬ್ಬರ ಅನ್ನ ಕಸಿಯಲು ಹೋದವನಿಗೆ ಮುಳ್ಳು ಚುಚ್ಚದೆ ಬಿಡದು.

ಏಳಿ ಏಳಿ, ಕಥೆ ಆಯಿತು. ಒಳಗೆ ಎಣ್ಣೆಗಾಯಿ ಆರಿಹೋಗುತ್ತಿದೆ!