ನಾಕ್ಕರೆ ಅಬ್ಬಿ

ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲಿ ಚೀಟಿ ತೆಗೆದುಕೊಂಡು ಹಳ್ಳದ ಬದಿಯಲ್ಲೇ ಒಂದೂವರೆ ತಾಸು ಮೇಲೇರಿದರೆ ಮೊದಲು ಎರಡು ಸಣ್ಣ ಅಬ್ಬಿಗಳು ಸಿಗುತ್ತವೆ. ಬಂದವರು ಅಲ್ಲಿ ಕಾಲು ನೆನೆಸಿ, ಜಿಗಣೆ ಕಿತ್ತೆಸೆದು, ಇಷ್ಟೇನಾ ಎಂದು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. ಇನ್ನೊಂದು ತಿರುವು ಹತ್ತಿದ ಮೇಲೆ ಎದುರಾಗುವುದು ದೊಡ್ಡ ಅಬ್ಬಿ. ಎಂಟಾಳು ಎತ್ತರದಿಂದ ನೀರು ಪರದೆಯಂತೆ ಇಳಿದು ಕೆಳಗಿನ ಅಗಲವಾದ ಹಸಿರು ಗುಂಡಿಗೆ ಬೀಳುತ್ತದೆ. ಬೇಸಿಗೆಯ ಮೊದಲಲ್ಲಿ ಈಜಲು ಇದಕ್ಕಿಂತ ಒಳ್ಳೆಯ ಜಾಗ ಈ ಕಾಡಿನಲ್ಲಿಲ್ಲ. ದಾರಿಯ ಹಲಗೆಯಲ್ಲಿ 'ನಾಲ್ಕೆರೆ ಜಲಪಾತ' ಎಂದು ಬರೆದಿದೆ. ಅದನ್ನೋದಿದವರು ನಾಲ್ಕು ಕೆರೆಗಳನ್ನು ಹುಡುಕಿ ಸುಸ್ತಾಗುತ್ತಾರೆ. ಒಂದು ಕೆರೆಯೂ ಇಲ್ಲಿಲ್ಲ, ಎಂದೂ ಇರಲಿಲ್ಲ. ಬರೆಯುವ ಮೊದಲು ಊರವರನ್ನೊಂದು ಮಾತು ಕೇಳಿದ್ದರೆ ಸಾಕಿತ್ತು. ಇದು ನಾಕ್ಕರೆ ಅಬ್ಬಿ. ನಾಲ್ಕು ಕೆರೆಯಲ್ಲ, ನಾಲ್ಕು ಕರೆ.

ಹಿಂದೆ ಒಮ್ಮೆ, ಉದ್ಯಾನವೂ ಅದರ ಬಾಗಿಲೂ ಇಲ್ಲದ ಕಾಲದಲ್ಲಿ, ಹಳ್ಳದ ಕೆಳಗಿನ ಊರಿನಲ್ಲಿ ಗುತ್ಯಮ್ಮ ಎಂಬ ಹೆಂಗಸು ಇದ್ದಳು ಎನ್ನುತ್ತಾರೆ. ಆ ಊರಿನಲ್ಲಿ ಕರೆಯುವುದಕ್ಕೂ ಓಗೊಡುವುದಕ್ಕೂ ಕಟ್ಟುನಿಟ್ಟಾದ ಕ್ರಮವಿತ್ತು. ಕಾಡಿನಲ್ಲಿ ಕೂಗುಮಾರಿ ಎಂಬ ದೆವ್ವ ಮನೆಯವರ ದನಿಯಲ್ಲೇ ಹೆಸರು ಹಿಡಿದು ಕರೆಯುತ್ತದೆ, ಆದರೆ ಎರಡೇ ಸಲ. ಮೂರನೆಯ ಸಲಕ್ಕೆ ಅದಕ್ಕೆ ಉಸಿರಿಲ್ಲ. ಆದ್ದರಿಂದ ಕಾಡಿಗೆ ಹೋದಾಗ ಮನೆಯ ಹಿರಿಯರು ಮೂರು ಸಲ ಕರೆಯಬೇಕು, ಮೂರನೆಯದನ್ನು ಕೇಳಿದ ಮೇಲಷ್ಟೇ 'ಓ' ಎನ್ನಬೇಕು. ನಾಲ್ಕನೆಯ ಸಲ ಮಾತ್ರ ಬದುಕಿರುವವರನ್ನು ಯಾರೂ ಕರೆಯುತ್ತಿರಲಿಲ್ಲ. ಅದು ಸತ್ತವರ ಕರೆ. ಹನ್ನೊಂದನೆಯ ದಿನ, ನೀರಿನ ಪಾಲಾಗಿ ಹೆಣವೂ ಸಿಗದಿದ್ದರೆ ಅಂದೇ, ನೀರಿನ ದಡದಲ್ಲಿ ನಿಂತು ನಾಲ್ಕು ಸಲ ಹೆಸರು ಕೂಗಿದರೆ ಜೀವವನ್ನು ಕಳಿಸಿಕೊಟ್ಟಂತೆ. ಆಮೇಲೆ ಆ ಹೆಸರು ಹಿಡಿದು ಮನೆಯಲ್ಲಿ ಯಾರೂ ಕೂಗುವಂತಿರಲಿಲ್ಲ.

ಗುತ್ಯಮ್ಮನ ಸೊಸೆ ದುಗ್ಗಿ ಕೆಳಗಿನ ಹೊಳೆಸಾಲಿನವಳು. ದೋಣಿ ನಡೆಸುವವರ ಮನೆಯ ಮಗಳು, ನೀರೆಂದರೆ ಅವಳಿಗೆ ಅಂಗಳವಿದ್ದ ಹಾಗೆ. ಮದುವೆಯಾಗಿ ಮೂರು ತಿಂಗಳಾದರೂ ಈ ಕ್ರಮ ಅವಳ ತಲೆಗೆ ಹತ್ತಿರಲಿಲ್ಲ. ಹೆಸರು ಪೂರ್ತಿ ಬಾಯಿಂದ ಹೊರಡುವ ಮೊದಲೇ 'ಓ' ಎಂದುಬಿಡುತ್ತಿದ್ದಳು. ಸೀಗೆಕಾಯಿ ಕೊಯ್ಲು ಮುಗಿದ ಮಾರನೆಯ ದಿನ ಊರಿನ ಹೆಂಗಸರೆಲ್ಲ ಅಬ್ಬಿಯಿಂದ ಅಬ್ಬಿಗೆ ನಡೆದು, ಹೊಸ ಸೀಗೆ ಹಚ್ಚಿಕೊಂಡು ಮೀಯುವುದು ವಾಡಿಕೆ. ಆ ಬೆಳಿಗ್ಗೆಯೂ ದಾರಿಯಲ್ಲಿ ದುಗ್ಗಿ ಹಾಗೆಯೇ ಓಗೊಟ್ಟಳು. ಗುತ್ಯಮ್ಮನಿಗೆ ರೇಗಿಹೋಯಿತು. "ನಿಂಗೆ ಜೀವ ಭಾರ ಆಗಿದ್ಯೇನೇ? ಇವತ್ತೊಂದಿನ ಮೂರು ಕರೆ ಎಣಿಸದೆ ಬಾಯಿ ಬಿಟ್ಟೆ ಅಂದ್ರೆ ತೌರಿಗೆ ಕಳಿಸ್ತೀನಿ ನೋಡು," ಎಂದು ಎಲ್ಲರೆದುರಿಗೇ ಬೈದಳು. ದುಗ್ಗಿ ತಲೆ ತಗ್ಗಿಸಿದಳು. ಅತ್ತೆಗೆ ಆಗಲೇ ಒಳಗೊಳಗೆ ಕೆಡುಕೆನಿಸಿತು. ಹುಡುಗಿಯನ್ನು ಕಂಡರೆ ಅವಳಿಗೆ ಪ್ರಾಣ, ಆದರೆ ಅದನ್ನು ಹೇಳುವ ನಾಲಿಗೆ ಅವಳದ್ದಾಗಿರಲಿಲ್ಲ.

ದೊಡ್ಡ ಅಬ್ಬಿಗೆ ಬಂದಾಗ ಬಿಸಿಲು ನೆತ್ತಿಗೇರಿತ್ತು. ಉಳಿದ ಹೆಂಗಸರು ಸೊಂಟದುದ್ದ ನೀರಿನಲ್ಲಿ ತಲೆ ತೊಳೆಯುತ್ತಿದ್ದರು. ಅವರಲ್ಲಿ ಒಬ್ಬರಿಗೂ ಈಜು ಬಾರದು. ದುಗ್ಗಿ ಬಂಡೆ ಹತ್ತಿ ಸೆರಗು ಬಿಗಿದು ಧುಮುಕಿದಳು. ಮುಳುಗಿದವಳು ಏಳಲಿಲ್ಲ. ಸ್ವಲ್ಪ ಹೊತ್ತು ಎಲ್ಲರೂ ನಗುತ್ತಲೇ ಕಾದರು. ಆಮೇಲೆ ನಗು ನಿಂತಿತು. ಗುತ್ಯಮ್ಮ ದಡಕ್ಕೆ ಬಂದು ಕರೆದಳು. "ದುಗ್ಗೀ!" ತುಸು ತಡೆದು ಮತ್ತೊಮ್ಮೆ. ಮೂರನೆಯ ಸಲ ಕರೆಯುವಾಗ ಅವಳ ದನಿ ಒಡೆದುಹೋಯಿತು. ನೀರಿನ ಮೊರೆತದ ಹೊರತು ಏನೂ ಕೇಳಲಿಲ್ಲ. ಹೆಂಗಸರು ಬಿದಿರ ಗಳ ತಂದು ಗುಂಡಿಯಲ್ಲಿ ಆಡಿಸಿದರು. ಗಳ ತಳ ಮುಟ್ಟಲಿಲ್ಲ. ನೆರಳು ಒಂದು ಮಾರು ಸರಿಯಿತು. ಕೊನೆಗೆ ನೆರೆಮನೆಯ ಬೈರಕ್ಕ ಹತ್ತಿರ ಬಂದು, "ಅಕ್ಕಾ, ಅವಳು ನೀರಿನ ಪಾಲಾದ್ಲು. ಇನ್ನೊಂದು ಕರೆದುಬಿಡು, ಜೀವ ಅಲೆಯೋದು ಬೇಡ," ಎಂದಳು. ಗುತ್ಯಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಕುಳಿತುಬಿಟ್ಟಳು. ಕರೆದರೆ ತಾನೇ ಅವಳನ್ನು ಸತ್ತವಳೆಂದು ಒಪ್ಪಿದಂತೆ. ಕರೆಯದೆ ಕೂತಿರುವಷ್ಟು ಹೊತ್ತು ದುಗ್ಗಿ ಇದ್ದಾಳೆ. ಬೈರಕ್ಕ ಇನ್ನೆರಡು ಸಲ ಹೇಳಿದಳು. ಗುತ್ಯಮ್ಮ ಬಾಯಿಂದ ಸೆರಗು ತೆಗೆಯಲಿಲ್ಲ.

ಎಷ್ಟು ಹೊತ್ತು ಹಾಗೆ ಕುಳಿತಿದ್ದಳೋ. ಬೆಳಗಿನ ಬೈಗುಳ ನೆನಪಾಯಿತು. ತಟ್ಟನೆ ಎದ್ದಳು. ಕಳಿಸಿಕೊಡುವವರು ಕರೆಯುವ ರೀತಿಯಲ್ಲಿ ಮೆತ್ತಗೆ ಕರೆಯಲಿಲ್ಲ. ಜಗಳಕ್ಕೆ ನಿಂತವಳ ಹಾಗೆ ಗಂಟಲು ಹರಿಯುವಂತೆ ಕೂಗಿದಳು. "ದುಗ್ಗೀ! ಬಾರೇ ಹೊರಗೆ! ನೀನಿಲ್ದೆ ನಾನು ಮನೆಗೆ ಹೋಗಾಕಿಲ್ಲ!"

"ಓ..." ಎಂದಿತು ಅಬ್ಬಿ.

ಹೆಂಗಸರು ಬೆಚ್ಚಿ ಹಿಂದೆ ಸರಿದರು. ನೀರಿನ ಪರದೆ ಸೀಳಿಕೊಂಡು ಮೊದಲು ಕೈ, ಆಮೇಲೆ ತಲೆ ಹೊರಬಂತು. ಗುತ್ಯಮ್ಮ ತನಗೆ ಈಜು ಬಾರದೆಂಬುದನ್ನೇ ಮರೆತು ಗುಂಡಿಗೆ ನುಗ್ಗಿದಳು. ಕುತ್ತಿಗೆ ಮುಳುಗುವಾಗ ದುಗ್ಗಿಯೇ ಬಂದು ಅವಳ ಜುಟ್ಟು ಹಿಡಿದು ದಡಕ್ಕೆಳೆದಳು. ಅತ್ತೆ ಮೊದಲು ಸೊಸೆಯ ಬೆನ್ನಿಗೆ ಎರಡು ಗುದ್ದಿದಳು, ಆಮೇಲೆ ಬಾಚಿ ತಬ್ಬಿಕೊಂಡು ಅತ್ತಳು. ದುಗ್ಗಿಗೆ ಎಲ್ಲಿಲ್ಲದ ಸಿಟ್ಟು. "ಅತ್ತೇ, ಮೂರನೇ ಕರೆಗೆ ಇಷ್ಟೊತ್ತಾ ಮಾಡೋದು? ನೀರಿನ ಹಿಂದೆ ಗವಿ ಐತೆ, ನೋಡ್ಕಂಡು ಬರಾನ ಅಂತ ಹೋದೆ. ತಲೆ ಎತ್ತೋದ್ರೊಳಗೆ ನಿಮ್ಮ ದನಿ. ಎರಡೇ ಸಲ ಕೂಗಿ ಸುಮ್ಮನಾದ್ರಿ! ಕೂಗುಮಾರಿನೇ ಸೈ ಅಂತ ಕಲ್ಲಿಗೆ ಅಂಟ್ಕಂಡು ಕೂತಿದ್ದೆ. ನಡುಗಿ ನಡುಗಿ ಸಾಕಾಯ್ತು." ಮೊದಲ ಕರೆ ಅವಳು ಮುಳುಗಿದ್ದಾಗಲೇ ಆಗಿಹೋಗಿತ್ತು ಎಂಬುದು ಆಗ ಎಲ್ಲರಿಗೂ ಹೊಳೆಯಿತು. ಬೈರಕ್ಕ ಮಾತ್ರ ಅನುಮಾನದಿಂದ, "ನಾಕನೇದು ಆಗೋಯ್ತಲ್ಲ ಅಕ್ಕ, ಇನ್ನು ಈ ಹೆಸರು ಕೂಗಂಗಿಲ್ಲ," ಎಂದಳು. "ಸತ್ತೋರು ಓ ಅಂತಾರೇನೇ?" ಎಂದು ಗುತ್ಯಮ್ಮ ಗದರಿದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಇಳಿಯುವ ದಾರಿಯುದ್ದಕ್ಕೂ ಗುತ್ಯಮ್ಮ ಕೆಲಸವಿಲ್ಲದೆಯೂ ಸೊಸೆಯ ಹೆಸರು ಕೂಗುತ್ತಲೇ ಬಂದಳಂತೆ.

ಆ ಗವಿಯನ್ನು ಈಗಲೂ ನೋಡಬಹುದು. ಈಜು ಬಲ್ಲವರು ಪರದೆ ದಾಟಿ ಹೋಗಿ ಕುಳಿತು ಬರುತ್ತಾರೆ. ಊರಿನ ಹೆಂಗಸರು ಮೀಯಲು ಬಂದ ದಿನ ಹೋದರೆ ಇನ್ನೊಂದನ್ನೂ ಕಾಣಬಹುದು. ಬಂಡೆಯ ಮೇಲೆ ಕುಳಿತ ಮುದುಕಿಯರು ಆಗಾಗ ನೀರಿನಲ್ಲಿರುವ ಮಗಳನ್ನೋ ಸೊಸೆಯನ್ನೋ ಹೆಸರು ಹಿಡಿದು ಕರೆಯುತ್ತಾರೆ. ಆ ದಿನದಿಂದ ಇಲ್ಲಿ ಮೂರು ಕರೆ ಎಣಿಸುವ ಕ್ರಮವಿಲ್ಲ, ನೀರಿನಿಂದ ಮೊದಲ ಕರೆಗೇ 'ಓ' ಎಂದು ಬರುತ್ತದೆ. ಯಾಕೆ ಕರೆದಿರಿ ಎಂದು ಹೊರಗಿನವರು ಕೇಳಿದರೆ ಮುದುಕಿಯರು, "ಏನಿಲ್ಲ, ಸುಮ್ನೆ," ಎನ್ನುತ್ತಾರೆ.