ಮುದ್ರೆ ಒಪ್ಪದ ತಿರುಪುಳಿ

ಬಾ ಇಲ್ಲಿ, ಈ ಅಜ್ಜಿ ಮಗ್ಗುಲಿಗೆ ಬಾ, ಕಣ್ಣೊರೆಸ್ಕೋ. ಸೈಕಲ್ಲು ಬಿಚ್ಚಿ ನೋಡೋಣ ಅಂತ ಚಿಕ್ಕಪ್ಪನ ಹತಾರದ ಪೆಟ್ಟಿಗೆ ತೆಗೆದಿದ್ದಕ್ಕೆ ಬೈಸ್ಕೊಂಡ್ಯಾ? ಹೆಣ್ಣುಮಕ್ಕಳು ಅದನ್ನೆಲ್ಲ ಮುಟ್ಟಬಾರದು ಅಂದ್ನಾ? ಅನ್ನಲಿ ಬಿಡು. ಹತ್ತು ವರ್ಷ ಆಗೋವರೆಗೂ ಅವನ ಚಡ್ಡಿ ಗುಂಡಿ ಹಾಕಿದೋಳು ನಾನು, ಅವನ ಕೈಚಳಕ ನಂಗೆ ಗೊತ್ತಿಲ್ವಾ? ಈಗ ಒಂದು ಕತೆ ಹೇಳ್ತೀನಿ. ಹೂಂ ಅಂತಿರಬೇಕು. ನೀನು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ.

ಒಂದಾನೊಂದು ಕಾಲದಲ್ಲಿ, ಒಂದು ಸುತ್ತಿಗೆ ಎತ್ತಬೇಕಾದ್ರೂ ರಾಜನ ಮುದ್ರೆ ಬೇಕಾಗಿದ್ದ ಕಾಲದಲ್ಲಿ, ಹೊಂಗೆಕಟ್ಟೆ ಅಂತ ಒಂದು ಊರಿತ್ತಂತೆ. ಆ ಊರಿನ ರಾಜನಿಗೆ ಮುದ್ರೆ ಒತ್ತೋ ಹುಚ್ಚು. ಅವನ ಮುದ್ರೆ ಅಂದ್ರೆ ಗರಿ ಬಿಚ್ಚಿದ ಒಂದು ನವಿಲು. ಮಡಕೆ ಮೇಲೆ ನವಿಲು, ಇಟ್ಟಿಗೆ ಮೇಲೆ ನವಿಲು, ಬೆಲ್ಲದ ಅಚ್ಚಿನ ಮೇಲೂ ನವಿಲು. ಕೊನೆಗೆ ಅರಮನೆ ಉಗ್ರಾಣದಿಂದ ಹತಾರಗಳೂ ಬಂದ್ವಂತೆ. ಸುತ್ತಿಗೆ, ಅರ, ತಿರುಪುಳಿ, ಎಲ್ಲದಕ್ಕೂ ಕೆಂಪು ಅರಗಿನ ಹಿಡಿ, ಹಿತ್ತಾಳೆ ಬಳೆ, ಕಬ್ಬಿಣದ ಮೈಮೇಲೆ ಪಳಪಳ ಅನ್ನೋ ನವಿಲು. ತಿರುಪುಳಿ ಅಂದ್ರೆ ಗೊತ್ತಾಯ್ತಾ? ನಿಮ್ಮಪ್ಪ ಸ್ಕ್ರೂಡ್ರೈವರ್ ಅಂತಾನಲ್ಲ, ಅದೇ.

ಆ ಊರಲ್ಲಿ ಬೀಗ, ಚಿಲಕ, ಬಾಗಿಲ ಕೀಲು ಮಾಡೋ ವೀರಾಚಾರಿ ಅಂತ ಒಬ್ಬ ಇದ್ನಂತೆ. ಅವನಿಗೆ ಮೂರು ಮಕ್ಕಳು. ದೊಡ್ಡವನು ಮೂರ್ತಾಚಾರಿ, ನಡುವಿನವನು ಗಂಗಾಚಾರಿ, ಕೊನೆಯವಳು ಸಣ್ಣಕಾಳಿ. ಗಂಡುಮಕ್ಕಳಿಬ್ಬರೂ ಪೇಟೆ ಸುತ್ತಿಕೊಂಡು ಊಟದ ಹೊತ್ತಿಗೆ ಬರೋರು. ಸಣ್ಣಕಾಳಿ ಮಾತ್ರ ಏಳು ವರ್ಷದಿಂದ ಅಪ್ಪನ ಕಮ್ಮಾರಸಾಲೆಯಲ್ಲೇ ತಿದಿ ಒತ್ತಿಕೊಂಡು, ಕಬ್ಬಿಣ ಕೆಂಪಾಗೋದನ್ನ, ನೀರಿಗೆ ಅದ್ದಿ ಗಟ್ಟಿಯಾಗೋ ಹಾಗೆ ಹದ ಕೊಡೋದನ್ನ ನೋಡಿಕೊಂಡು ಬೆಳೆದಳಂತೆ. ಆಮೇಲೆ ಏನಾಯ್ತು, ವೀರಾಚಾರಿಗೆ ವಯಸ್ಸಾಯ್ತು, ಕಣ್ಣು ಮಂಜಾಯ್ತು. ಇನ್ನು ಸಾಲೆಯ ಮಣೆ ಮೇಲೆ ನಿಮ್ಮಲ್ಲೊಬ್ಬರು ಕೂತ್ಕೋಬೇಕು ಕಣ್ರಪ್ಪ ಅಂತ ಇಬ್ಬರು ಗಂಡುಮಕ್ಕಳನ್ನ ಕರೆದನಂತೆ.

ಆ ಮನೆಯಲ್ಲಿ ಒಂದು ಪದ್ಧತಿ. ಹೊಸದಾಗಿ ಮಣೆ ಹತ್ತೋರು ಹಳಬರ ಹತಾರ ಮುಟ್ಟೋ ಹಾಗಿಲ್ಲ. ಅದರಲ್ಲಿ ಹಳಬರ ಕೈ ಕೂತಿರುತ್ತೆ, ಬೇರೆ ಕೈಗೆ ಬಗ್ಗಲ್ಲ ಅಂತ. ತಾವೇ ಹೋಗಿ ಒಂದು ಸುತ್ತಿಗೆ, ಒಂದು ಅರ, ಒಂದು ತಿರುಪುಳಿ ಆರಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು ಹಿರಿಯರ ಮುಂದೆ ಇಡಬೇಕು. ಯಾರು ಚೆನ್ನಾಗಿ ಆರಿಸ್ತಾರೋ ಅವರಿಗೆ ಮಣೆ.

ವೀರಾಚಾರಿ ಎರಡು ಬಿಳಿ ಬಟ್ಟೆ ತೆಗೆದಿಟ್ಟನಂತೆ. ಸಣ್ಣಕಾಳಿ ತಿದಿ ಬಿಟ್ಟು ಎದ್ದು ಬಂದು, ಅಪ್ಪಯ್ಯ, ಮೂರನೇದು ಎಲ್ಲಿ ಅಂದಳಂತೆ. ಅಣ್ಣಂದಿರು ನಕ್ಕರು. ಹುಡುಗಿ ಮಣೆ ಮೇಲೆ ಕೂರೋದುಂಟಾ, ಜನ ಬೀಗ ಮಾಡಿಸ್ತಾರಾ ಅಂದರು. ಸಣ್ಣಕಾಳಿ ಅವರ ಕಡೆ ತಿರುಗಿಯೂ ನೋಡಲಿಲ್ಲ. ಏಳು ವರ್ಷ ತಿದಿ ಒತ್ತುವಾಗ ನಾನು ಹುಡುಗಿ ಅನ್ನೋದು ಯಾರಿಗೂ ನೆನಪಿರಲಿಲ್ವಲ್ಲ ಅಪ್ಪಯ್ಯ ಅಂದಳಂತೆ. ಅಪ್ಪ ತನ್ನ ಹೆಗಲ ಮೇಲಿದ್ದ ಬಟ್ಟೆಯನ್ನೇ ತೆಗೆದು ಅವಳ ಕೈಗೆ ಕೊಟ್ಟನಂತೆ.

ಅಣ್ಣಂದಿರು ನೆಟ್ಟಗೆ ಅರಮನೆ ಉಗ್ರಾಣಕ್ಕೆ ಹೋದರು. ನವಿಲಿದೆ ಅಂದಮೇಲೆ ಇನ್ನೇನು ನೋಡೋದು ಅಂತ ಹೊಳೆಯೋದನ್ನ ಆರಿಸಿ, ಅರ್ಧ ಗಳಿಗೆಯಲ್ಲಿ ಕೆಲಸ ಮುಗಿಸಿ ಬಂದರಂತೆ. ಸಣ್ಣಕಾಳಿ ಸಂತೆಗೆ ಹೋದಳು. ಹೋಗುವಾಗ ಸೊಂಟಕ್ಕೆ ಒಂದು ಮರದ ತುಂಡು ಕಟ್ಟಿಕೊಂಡು ಹೋದಳಂತೆ, ಅದರಲ್ಲಿ ಮೂರು ತಿರುಪು, ಅದೇ ಸ್ಕ್ರೂ, ಬಿಗಿಯಾಗಿ ಕೂರಿಸಿದ್ದಳು. ಕಬ್ಬಿಣದವನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು ನೋಡು, ಬೆಳಗಿಂದ ಸಂಜೆವರೆಗೆ ಏಳಲಿಲ್ಲ. ಒಂದೊಂದು ಸುತ್ತಿಗೆಯನ್ನೂ ಕಿವಿ ಹತ್ತಿರ ಹಿಡಿದು ತಟ್ಟೋಳು. ದಬ್ ಅಂದರೆ ಆ ಕಡೆಗೆ, ಟಿಣ್ ಅಂದರೆ ಈ ಕಡೆಗೆ. ಹಿಡಿಯ ಮರದ ಎಳೆ ಉದ್ದಕ್ಕೆ ಹೋಗಿದ್ಯಾ, ಅಡ್ಡ ಹೋಗಿದ್ಯಾ ಅಂತ ಬಿಸಿಲಿಗೆ ಹಿಡಿದು ನೋಡೋಳು. ಅರದ ಹಲ್ಲಿನ ಮೇಲೆ ಉಗುರು ಎಳೆದು ನೋಡೋಳು. ತಿರುಪುಳಿ ಮೇಲೆ ಅರ ಉಜ್ಜೋಳು, ಅರ ಕಚ್ಚಿದರೆ ಮೆತ್ತಗಿದೆ, ಬೇಡ. ಜಾರಿದರೆ ಸರಿ, ಆಮೇಲೆ ಅದರ ತುದಿಯನ್ನ ತಿರುಪಿನ ತಲೆಯ ಕಚ್ಚಿಗೆ ಇಟ್ಟು, ಮೈಯ ಬಲವೆಲ್ಲ ಹಾಕಿ ತಿರುಗಿಸೋಳು. ಅಂಗಡಿಯವನು ಏನಮ್ಮಾ, ಹತಾರ ತಗೋತೀಯೋ ಗಂಡು ನೋಡ್ತೀಯೋ ಅಂದನಂತೆ. ಗಂಡು ಆಗಿದ್ರೆ ಇಷ್ಟು ಹೊತ್ತು ನೋಡ್ತಿರಲಿಲ್ಲ ಅಂದಳಂತೆ ಇವಳು. ಕೊನೆಗೆ ಮೂಲೆಯಲ್ಲಿ ಧೂಳು ಹಿಡಿದು ಬಿದ್ದಿದ್ದ ಒಂದು ಕಪ್ಪು ತಿರುಪುಳಿ ಸಿಕ್ಕಿತು. ಹುಣಸೆ ಮರದ ಹಿಡಿ, ಮೈಮೇಲೆ ನವಿಲಿಲ್ಲ, ನೋಡೋಕೆ ಒಂದು ಚೂರೂ ಚೆಂದ ಇಲ್ಲ. ಅದು ಮೂರು ತಿರುಪನ್ನೂ ಬಿಚ್ಚಿ ಮತ್ತೆ ಬಿಗಿದರೂ ತುದಿ ಕೂದಲೆಳೆಯಷ್ಟೂ ಬಾಗಲಿಲ್ಲವಂತೆ.

ಹೂಂ ಅನ್ನು. ಹಾಂ.

ಆಮೇಲೆ ಮೂರು ಗಂಟೂ ಅಪ್ಪನ ಮುಂದೆ ಬಂದ್ವು. ಅವನ ಕಣ್ಣಿಗೆ ನವಿಲೂ ಕಾಣಲ್ಲ, ಹಿತ್ತಾಳೆಯೂ ಕಾಣಲ್ಲ, ಕೈ ಮಾತ್ರ ನೆಟ್ಟಗಿತ್ತು. ಒಂದು ಬಿಗಿ ತಿರುಪಿಗೆ ದೊಡ್ಡವನ ತಿರುಪುಳಿ ಇಟ್ಟು ತಿರುಗಿಸಿದ, ಅದರ ತುದಿ ತಿರುಚಿಕೊಳ್ತು. ನಡುವಿನವನದು ಇಟ್ಟು ತಿರುಗಿಸಿದ, ಹಿಡಿ ಮಾತ್ರ ಗಿರಗಿರ ಸುತ್ತಿತು, ಅಲಗು ಅಲ್ಲೇ ನಿಂತಿತ್ತು. ಸಣ್ಣಕಾಳಿದು ಇಟ್ಟು ತಿರುಗಿಸಿದ, ತಿರುಪು ಕಿರ್ ಅಂತ ಮೇಲೆ ಬಂತು. ವೀರಾಚಾರಿ ಮಣೆಯನ್ನ ಒರೆಸಿ ಮಗಳ ಕಡೆಗೆ ತಳ್ಳಿದನಂತೆ.

ಅಣ್ಣಂದಿರಿಗೆ ಹೊಟ್ಟೆ ಉರಿದುಹೋಯ್ತು. ಓಡಿದರು ಉಗ್ರಾಣ ನೋಡ್ಕೊಳ್ಳೋ ಪಾರುಪತ್ಯಗಾರನ ಹತ್ತಿರ. ಸ್ವಾಮಿ, ನಮ್ಮ ತಂಗಿ ಮುದ್ರೆ ಇಲ್ಲದ ಹತಾರದಲ್ಲಿ ಕೆಲಸ ಮಾಡ್ತಾಳೆ, ನವಿಲಿಗೆ ಅವಮಾನ ಮಾಡಿದ್ದಾಳೆ ಅಂತ ಚಾಡಿ ಹೇಳಿದರಂತೆ.

ಪಾರುಪತ್ಯಗಾರ ಮೊದಲನೇ ಸಲ ನಗುನಗುತ್ತಾ ಬಂದ. ಏನಿಲ್ಲಮ್ಮ, ಒಂದು ಮುದ್ರೆ ಒತ್ತಿಸ್ಕೊಂಡುಬಿಡು, ಎಲ್ಲ ಸರಿಹೋಗುತ್ತೆ ಅಂದ. ಆಗಲಿ, ಒತ್ತಿ ನೋಡಿ ಅಂದಳಂತೆ ಸಣ್ಣಕಾಳಿ. ಅವನು ಕಪ್ಪು ತಿರುಪುಳಿ ಮೇಲೆ ಮುದ್ರೆಯ ಅಚ್ಚು ಇಟ್ಟು ಠಣ್ ಅಂತ ಒಂದು ಏಟು ಹಾಕಿದ. ಅಚ್ಚು ಜಾರಿಹೋಯ್ತು. ತಿರುಪುಳಿ ಮೇಲೆ ಒಂದು ಸಣ್ಣ ಗೀರು ಬಿತ್ತು ಅಷ್ಟೆ, ಅಚ್ಚಿನ ಕಡೆ ನೋಡಿದರೆ ನವಿಲಿನ ಕೊಕ್ಕೇ ಮುರಿದುಹೋಗಿತ್ತಂತೆ! ಪಾರುಪತ್ಯಗಾರ ಅಚ್ಚನ್ನ ಪಂಚೆ ಒಳಗೆ ಬಚ್ಚಿಟ್ಟುಕೊಂಡು ಹೊರಟುಹೋದ.

ಎರಡನೇ ಸಲ ಮುಖ ಗಂಟು ಹಾಕಿಕೊಂಡು ಬಂದ. ಇದನ್ನ ಕೆಂಡದಲ್ಲಿಟ್ಟು ಮೆತ್ತಗೆ ಮಾಡು, ಆಗ ಮುದ್ರೆ ಕೂರುತ್ತೆ ಅಂದ. ಸಣ್ಣಕಾಳಿ ಕೇಳಿದಳು, ಒತ್ತಿದ ಮೇಲೆ ಮತ್ತೆ ಹದ ಕೊಡಬಹುದಾ? ಛೆ ಛೆ, ಹದ ಕೊಟ್ಟರೆ ನವಿಲು ಕಪ್ಪಾಗುತ್ತೆ, ಮಹಾಸ್ವಾಮಿಗೆ ಹೊಳೆಯೋ ನವಿಲೇ ಬೇಕು, ಉಗ್ರಾಣದ ಯಾವ ಹತಾರಕ್ಕೂ ನಾವು ಹದ ಕೊಡೋದೇ ಇಲ್ಲ ಅಂದನಂತೆ ಆ ಪುಣ್ಯಾತ್ಮ. ಹಾಗಾದ್ರೆ ನನ್ನದು ಮೆತ್ತಗಾಗಲ್ಲ, ನಾನೂ ಆಗಲ್ಲ, ಹೋಗಿಬನ್ನಿ ಅಂದಳಂತೆ ಇವಳು.

ಮೂರನೇ ಸಲ ಅವನು ಬಂದಿದ್ದು ರಾಜನ ಅಪ್ಪಣೆ ಹಿಡಿದು, ಡಂಗುರದವನನ್ನ ಕರೆದುಕೊಂಡು. ಮುದ್ರೆ ಇಲ್ಲದ ಹತಾರ ಅರಮನೆಯ ಯಾವ ವಸ್ತುವನ್ನೂ ಮುಟ್ಟಕೂಡದು, ಮೂರು ದಿನದಲ್ಲಿ ಹತಾರ ಒಪ್ಪಿಸದಿದ್ದರೆ ಸಣ್ಣಕಾಳಿ ಮಣೆ ಬಿಟ್ಟು ಏಳಬೇಕು, ಸಾಲೆ ಅಣ್ಣಂದಿರಿಗೆ ಅಂತ ಬೀದಿಬೀದಿ ಸಾರಿಸಿದ. ಸಣ್ಣಕಾಳಿಗೆ ಹೆದರಿಕೆ ಆಗಲಿಲ್ಲ ಅಂದ್ಕೋಬೇಡ. ಆಯ್ತು, ಮಗಳೇ. ಆ ಮಣೆ ಹೋದರೆ ಮತ್ತೆ ಜೀವಮಾನ ಪೂರ್ತಿ ತಿದಿ ಒತ್ತಬೇಕು, ಅದೂ ಆ ಅಣ್ಣಂದಿರ ಕೈಕೆಳಗೆ. ಆದರೂ ಎದ್ದಳಾ? ಏಳಲಿಲ್ಲ. ಮೂರು ದಿನವೂ ಮಣೆ ಮೇಲೇ ಕೂತು ಬೀಗ ಮಾಡಿದಳು.

ಮೂರನೇ ದಿನ ಮಟಮಟ ಮಧ್ಯಾಹ್ನ ರಾಜನೇ ಬಂದ. ಅವಳನ್ನ ಎಬ್ಬಿಸೋದನ್ನ ಕಣ್ಣಾರೆ ನೋಡ್ತೀನಿ ಅಂತ ಹೊಸ ಸಾರೋಟು ಹತ್ತಿ ಬಂದ. ಆ ಸಾರೋಟು ಎಂಥದ್ದು ಅಂತೀಯ, ಸುತ್ತ ಕಬ್ಬಿಣದ ತಗಡು, ಒಂದೇ ಬಾಗಿಲು, ಕೈ ಮಾತ್ರ ತೂರೋ ಒಂದು ಕಿಟಕಿ. ಶತ್ರುಗಳ ಭಯ ನೋಡು. ಬಾಗಿಲಿಗೆ ಒಳಗಡೆಯಿಂದ ಬೀಗ ಕೂರಿಸಿದ್ದು ಯಾರು? ಹೂಂ, ಈ ಅಣ್ಣಂದಿರೇ, ಪಾರುಪತ್ಯಗಾರ ಅವರಿಗೇ ಆ ಕೆಲಸ ಕೊಟ್ಟಿದ್ದ. ಅವರು ಉಗ್ರಾಣದಿಂದ ಮತ್ತೆ ತಂದ ನವಿಲು ತಿರುಪುಳಿಯೂ ತಿರುಚಿಕೊಂಡು, ಬೀಗದ ಪಟ್ಟಿಯ ಮೂರು ತಿರುಪೂ ಅರ್ಧಕ್ಕೇ ನಿಂತಿದ್ವು. ಯಾರು ನೋಡ್ತಾರೆ ಅಂತ ಹಾಗೇ ಬಿಟ್ಟಿದ್ದರು. ದಾರಿಯ ಕುಲುಕಾಟಕ್ಕೆ ಪಟ್ಟಿ ವಾಲಿಕೊಂಡು, ಬೀಗದ ನಾಲಿಗೆ ಕಚ್ಚಿಕೊಂಡುಬಿಡ್ತಂತೆ.

ಸಾರೋಟು ಸಾಲೆ ಮುಂದೆ ನಿಂತಿತು. ಕಹಳೆ ಊದಿದರು. ರಾಜ ಇಳಿಯೋಕೆ ಹೋದ, ಬಾಗಿಲು ತೆಗೀಲಿಲ್ಲ. ಜಗ್ಗಿದ, ಗುದ್ದಿದ, ಒದ್ದ. ಊಹೂಂ. ಹೊರಗಿಂದ ಅಣ್ಣಂದಿರು ಸುತ್ತಿಗೆಯಲ್ಲಿ ಹೊಡೆಯೋಕೆ ಶುರು ಮಾಡಿದರೆ, ಒಳಗೆ ರಾಜ ನನ್ನ ಕಿವಿ ನನ್ನ ಕಿವಿ ಅಂತ ಕೂಗಿಕೊಂಡನಂತೆ. ಮೇಲೆ ಸುಡೋ ಬಿಸಿಲು, ಕಬ್ಬಿಣ ಕಾಯ್ತಾ ಬಂತು. ಮಹಾಸ್ವಾಮಿ, ತಿರುಪು ಒಳಗಡೆ ಇವೆ, ತಾವೇ ಬಿಚ್ಚಬೇಕು ಅಂತ ಮೂರ್ತಾಚಾರಿ ಕಿಟಕಿಯಿಂದ ಹೊಸ ನವಿಲು ತಿರುಪುಳಿ ಕೊಟ್ಟ. ರಾಜ ತಿರುಗಿಸಿದ, ತುದಿ ತಿರುಚಿಕೊಳ್ತು. ಗಂಗಾಚಾರಿ ಇನ್ನೊಂದು ಕೊಟ್ಟ. ಹಿಡಿ ಗಿರಗಿರ ಸುತ್ತಿ ರಾಜನ ಅಂಗೈ ತರಚಿತು. ಪಾರುಪತ್ಯಗಾರ ಉಗ್ರಾಣದ ಪೆಟ್ಟಿಗೆಯನ್ನೇ ತರಿಸಿ ಒಂದೊಂದಾಗಿ ಕೊಟ್ಟ. ಎಲ್ಲವೂ ಸೊಟ್ಟಗಾಗಿ ರಾಜನ ಕಾಲಬುಡದಲ್ಲಿ ಬಿದ್ದವಂತೆ.

ಆ ಹುಡುಗಿ ಎಲ್ಲಿ, ಅವಳ ಹತಾರ ಕೊಡಿಸಿ ಅಂತ ರಾಜ ಕೂಗಿದ. ಸಣ್ಣಕಾಳಿ ಮಣೆ ಮೇಲಿಂದಲೇ ಹೇಳಿದಳಂತೆ, ಆಗಲ್ಲ ಮಹಾಸ್ವಾಮಿ, ಮುದ್ರೆ ಇಲ್ಲದ ಹತಾರ ಅರಮನೆ ವಸ್ತು ಮುಟ್ಟಕೂಡದು ಅಂತ ತಮ್ಮದೇ ಅಪ್ಪಣೆ, ಅದನ್ನ ನಾನು ಹೇಗೆ ಮೀರಲಿ. ಸುತ್ತ ಸೇರಿದ್ದ ಜನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಸರಿ, ಇವತ್ತು ಒಂದು ದಿನಕ್ಕೆ ಆ ಅಪ್ಪಣೆ ರದ್ದು ಅಂದ ರಾಜ. ಒಂದು ದಿನದ ಮಟ್ಟಿಗೆ ಹತಾರ ಒಳ್ಳೇದಾಗಲ್ಲ ಮಹಾಸ್ವಾಮಿ, ಒಳ್ಳೇದಾದ್ರೆ ಎಲ್ಲ ದಿನವೂ ಒಳ್ಳೇದು, ಇಲ್ಲದಿದ್ರೆ ಯಾವ ದಿನವೂ ಅಲ್ಲ ಅಂದಳು ಇವಳು. ರಾಜನಿಗೆ ಸಿಟ್ಟು ನೆತ್ತಿಗೇರಿತು. ಹಾಗಾದ್ರೆ ಕೇಳು, ನಿನ್ನದೂ ಇವುಗಳ ಹಾಗೆ ತಿರುಚಿಕೊಂಡರೆ ಮಣೆ ಬಿಡ್ತೀಯಾ ಅಂದ. ಬಿಡ್ತೀನಿ, ಯಾರೂ ಎಬ್ಬಿಸೋದು ಬೇಡ, ನಾನೇ ಎದ್ದು ಹೋಗ್ತೀನಿ. ತಿರುಚಿಕೊಳ್ಳದೆ ಇದ್ದರೆ ಅಂದಳು ಸಣ್ಣಕಾಳಿ. ರಾಜ ಕಿಟಕಿಯಿಂದ ಕೈ ಚಾಚಿದ. ಆಗ ಅವಳು ಎದ್ದು ಹೋಗಿ ಕಿಟಕಿಯಲ್ಲಿ ಕಪ್ಪು ತಿರುಪುಳಿ ಇಳಿಸಿದಳಂತೆ.

ಹೇಗೆ ತಿರುಗಿಸಬೇಕು ಅಂತ ಹೇಳಿಯೂ ಕೊಟ್ಟಳು. ಅವಸರ ಮಾಡಬೇಡಿ, ತುದಿ ಕಚ್ಚಿನಲ್ಲಿ ಪೂರ್ತಿ ಕೂರಲಿ, ನೆಟ್ಟಗೆ ಹಿಡೀರಿ, ಮೊದಲು ಒತ್ತಿ, ಆಮೇಲೆ ಎಡಕ್ಕೆ ತಿರುಗಿಸಿ. ಹುಟ್ಟಿದಾಗಿಂದ ಒಂದು ಕಡ್ಡಿ ಆ ಕಡೆಯಿಂದ ಈ ಕಡೆಗೆ ಎತ್ತಿಡದ ರಾಜ, ಹೆಂಗಸಿನ ಮಾತು ಕೇಳಿಕೊಂಡು ಬೆವರು ಸುರಿಸ್ತಾ ತಿರುಗಿಸಿದ. ಒಂದು ತಿರುಪು ಕಿರ್ ಅಂತು. ಎರಡನೇದೂ ಬಂತು. ಮೂರನೇದು ಗಟ್ಟಿಯಾಗಿ ಕೂತುಬಿಟ್ಟಿತ್ತು, ಬರ್ತಿಲ್ಲ ಅಂತ ರಾಜ ನರಳಿದ. ನಿಮ್ಮ ಕೈ ಸೋತಿದೆ, ಹತಾರ ಸೋತಿಲ್ಲ, ಇನ್ನೊಂದು ಸಲ ಒತ್ತಿ ಅಂದಳಂತೆ. ಒತ್ತಿದ. ಅದೂ ಬಂತು. ಬೀಗ ದೊಪ್ಪನೆ ಕೆಳಗೆ ಬಿತ್ತು, ಬಾಗಿಲು ತೆರೀತು, ರಾಜ ಬೇಯಿಸಿದ ಗೆಣಸಿನ ಹಾಗೆ ಕೆಂಪಗಾಗಿ ಇಳಿದು ಬಂದನಂತೆ.

ಕೈಯಲ್ಲಿ ತಿರುಪುಳಿ ಹಾಗೇ ಇತ್ತು. ತುದಿ ನೋಡಿದ, ಹೊಸದರ ಹಾಗಿದೆ. ಅಲಗಿನ ಮೇಲೆ ಒಂದು ಗೀರು ಕಾಣಿಸಿತು. ಇದೇನು ಅಂದ. ತಮ್ಮ ನವಿಲು ಕೂರೋಕೆ ಬಂದಿದ್ದ ಜಾಗ ಮಹಾಸ್ವಾಮಿ, ಕೂರೋಕಾಗಲಿಲ್ಲ, ಕೊಕ್ಕು ಮುರಿದ ಅಚ್ಚು ಪಾರುಪತ್ಯಗಾರರ ಪಂಚೆಯಲ್ಲಿದೆ ಅಂದಳು. ರಾಜ ಸಾರೋಟಿನೊಳಗೆ ಬಿದ್ದಿದ್ದ ಸೊಟ್ಟ ಹತಾರಗಳನ್ನ ನೋಡಿದ. ಒಂದೊಂದರ ಮೇಲೂ ನವಿಲು ಎಷ್ಟು ಚೆನ್ನಾಗಿ ಕೂತಿತ್ತು! ಹಾಗಾದ್ರೆ ನನ್ನ ಮುದ್ರೆ ಕೂತಿದ್ದೆಲ್ಲ ಮೆತ್ತಗಿನ ಕಬ್ಬಿಣದ ಮೇಲೇನಾ ಅಂತ ಕೇಳಿದನಂತೆ. ಪಾರುಪತ್ಯಗಾರ ನೆಲ ನೋಡ್ತಾ ನಿಂತಿದ್ದ.

ರಾಜ ತಿರುಪುಳಿಯನ್ನ ತಾನೇ ಒರೆಸಿ ಅವಳ ಕೈಗೆ ಕೊಟ್ಟ. ಅರಮನೆಗೆ ಬಾ, ಉಗ್ರಾಣ ನೋಡ್ಕೋ ಅಂದ. ನನಗೆ ಮಣೆ ಇದೆ ಅಂದಳಂತೆ ಸಣ್ಣಕಾಳಿ. ಬೇರೇನು ಬೇಕು ಅಂದ. ಹತಾರದ ಮೇಲಿಂದ ನವಿಲು ತೆಗೆಸಿ, ಪ್ರತಿ ಅಂಗಡಿ ಮುಂದೆ ಮೂರು ತಿರುಪಿರೋ ಒಂದು ಮರದ ತುಂಡು ಕಟ್ಟಿಸಿ, ತಗೊಳ್ಳೋರು ಮೊದಲು ತಿರುಗಿಸಿ ನೋಡಲಿ ಅಂದಳು. ಹಾಗೇ ಆಯ್ತಂತೆ. ಬೆಲ್ಲದ ಮೇಲಿನ ನವಿಲು ಮಾತ್ರ ಉಳೀತು, ಅದು ಮೆತ್ತಗಿದ್ರೇನೇ ಚೆನ್ನ.

ಆಮೇಲೆ ಅಣ್ಣಂದಿರು ತಲೆ ತಗ್ಗಿಸಿಕೊಂಡು ಬಂದು, ನಮಗೂ ಕೆಲಸ ಕಲಿಸು ತಂಗಿ ಅಂದರಂತೆ. ಅವಳು ಎರಡು ಬಿಳಿ ಬಟ್ಟೆ ಕೊಟ್ಟು, ಸಂತೆಗೆ ಹೋಗಿ ಆರಿಸಿಕೊಂಡು ಬನ್ನಿ, ಅಲ್ಲಿವರೆಗೆ ಇಗೋ ತಿದಿ, ಒತ್ತಿ ಅಂದಳಂತೆ. ವೀರಾಚಾರಿ ಮಂಜುಗಣ್ಣಲ್ಲೇ ನಕ್ಕನಂತೆ. ಸಾಲೆಯಲ್ಲಿ ಬೀಗ ಮಾಡಿಸೋರು ಬೀದಿ ತುದಿವರೆಗೆ ಸಾಲು ನಿಂತರಂತೆ, ಹುಡುಗಿ ಮಾಡಿದ್ದು ಅಂತ ಒಬ್ಬರೂ ವಾಪಸ್ಸು ಹೋಗಲಿಲ್ಲವಂತೆ.

ಹೂಂ ಅಂತಿದ್ದೀಯೋ, ನಿದ್ದೆ ಬಂತೋ? ಕತೆ ಮುಗೀತು ಕಣೇ, ನಿನ್ನ ಸೈಕಲ್ಲಿನ ಕೆಲಸ ಮುಗಿದಿಲ್ಲ. ಬೆಳಿಗ್ಗೆ ಎದ್ದು ಪೆಟ್ಟಿಗೆ ತೆಗಿ, ಒಂದೊಂದೇ ತಿರುಪುಳಿ ಇಟ್ಟು ನೋಡು, ಯಾವುದು ಕಚ್ಚಿನಲ್ಲಿ ಸರಿಯಾಗಿ ಕೂರುತ್ತೋ ಅದನ್ನ ತಗೋ. ಚಿಕ್ಕಪ್ಪ ಕೇಳಿದರೆ ಏಳಬೇಡ. ನಿನ್ನ ಪಕ್ಕದಲ್ಲೇ ಮಣೆ ಹಾಕ್ಕೊಂಡು ನಾನು ಕೂತಿರ್ತೀನಿ.